ಬಾಳ್ಯಾನನ್ನು ನೀರಿಗೆ ಬಿಟ್ಟ ದಿನ

ಹುಚ್ಚಪ್ಪ ಕಮರಿಪೇಟೆಯ ಯಂಕವ್ವನ ಕಟ್ಟೆಗೆ ಮೊದಲ ಸಲ ಬಂದದ್ದು ಐವತ್ತೆಂಟರ ಚಳಿಗಾಲದಲ್ಲಿ, ಹೆಗಲ ಮೇಲೆ ಹರಿದ ಬಿಳಿ ಧೋತರ ಹೊತ್ತುಕೊಂಡು. ಗಂಡ ತೀರಿದ ಮೇಲೆ ಯಂಕವ್ವ ಕೌದಿ ಹೊಲಿದು ಬದುಕುತ್ತಿದ್ದಳು.

"ಇದನ್ನ ಹೊಲದ ಕೊಡ್ರಿ ಯವ್ವಾ. ಹೊಲಿಗಿ ಮಾತ್ರ ಕಾಣಬಾರದು."

"ಉಟಗೊಳ್ಳೂ ಧೋತರಕ್ಕ ಇಷ್ಟ್ಯಾಕ ಚೈನಿ?"

"ಉಟಗೊಳ್ಳಾಕಲ್ರಿ. ಇದರ ಹಿಂದ ದೀಪ ಹಚ್ಚತೇವಿ. ಹೊಲಿಗಿ ದಪ್ಪಾದ್ರ ನಮ್ಮ ನಾಯಿ ಮಾರಿ ಮ್ಯಾಲ ಗೆರಿ ಬೀಳತೈತಿ."

ತೊಗಲುಗೊಂಬೆ ಆಡಿಸುವವ ಅವನು. ಆ ಸಂಜೆ ಓಣಿಯ ಬಯಲಲ್ಲಿ ಪರದೆ ಕಟ್ಟಿದರು. ಎಲ್ಲಾದರೂ ಹರಿದರೆ ಹೊಲಿಗೆ ಹಾಕಲೆಂದು ಯಂಕವ್ವ ಸೂಜಿ ದಾರ ಹಿಡಿದು ಪರದೆಯ ಹಿಂದೆಯೇ ಕೂತಳು. ಮುಂದೆ ವರ್ಷವರ್ಷವೂ ಅವಳ ಜಾಗ ಅದೇ ಆಯಿತು, ಹುಚ್ಚಪ್ಪನ ಹೆಂಡತಿ ಉಡಚವ್ವನ ಮಗ್ಗುಲಿಗೆ.

ದೇವರ ಆಟ ಮುಗಿದ ಮೇಲೆ ಹುಚ್ಚಪ್ಪ ತಾನೇ ಕಟ್ಟಿದ ಕತೆ ಹಿಡಿಯುತ್ತಿದ್ದ. ಒಬ್ಬ ಕುರುಬ, ಅವನ ನಾಯಿ ಬಾಳ್ಯಾ. ಮನುಷ್ಯರಿಗೆ ಕಾಣದ ದೆವ್ವ ಬಾಳ್ಯಾನಿಗೆ ಕಾಣುತ್ತದೆ. ಒಂದು ದಿನ ಬಾವಿಯದು, ಇನ್ನೊಂದು ದಿನ ಹುಣಸೆಮರದ್ದು. ಗೊಂಬೆ ಆಡಿಸುವ ಕೈ ಹುಚ್ಚಪ್ಪನದು, ನಾಯಿಯ ದನಿ ಉಡಚವ್ವನದು. ದೆವ್ವ ಹತ್ತಿರ ಬಂದಾಗ ಅವಳು ಮೂಗಿನಲ್ಲಿ ಸಣ್ಣಗೆ "ಕುಂಯ್" ಎಂದು, ಕೊನೆಗೆ ಉಸಿರನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಕೂತ ಮಂದಿಯ ಮೈ ಜುಮ್ಮೆನ್ನುತ್ತಿತ್ತು. ಮಕ್ಕಳಿಲ್ಲದ ಹೆಂಗಸು, ಅವಳ ಮನೆಮಾತಿನಲ್ಲಿ ಬಾಳ ಎಂದರೆ ಕೂಸು.

ದೆವ್ವ ಕೈ ಚಾಚಿದಲ್ಲಿಗೆ ಆಟ ನಿಲ್ಲುತ್ತಿತ್ತು. ಮರುದಿನ ನಳದ ಹತ್ತಿರ ಕೊಡ ಇಟ್ಟ ಹೆಂಗಸರಿಗೆಲ್ಲ ಅದೇ ಮಾತು. ಪ್ಯಾಟಿಯಲ್ಲಿ ಮೂಟೆ ಹೊರುವ ಗಂಗಪ್ಪನಂತೂ ಬೆಳಿಗ್ಗೆಯೇ ಬಂದು ಬಿಡಾರದ ಮುಂದೆ ನಿಲ್ಲುತ್ತಿದ್ದ.

"ಹುಚ್ಚಪ್ಪಣ್ಣಾ, ನಾಯಿಗೇನಾರ ಆತಂದ್ರ ನಿನ್ನ ಪರದಿ ಉಳಿಯಂಗಿಲ್ಲ ನೋಡು!"

ಆ ಮೊದಲ ಚಳಿಗಾಲದ ಕೊನೆಯ ಸಂಜೆ ಒಡೆಯನ ಬದಲು ಬಾಳ್ಯಾ ತಾನೇ ದೆವ್ವಕ್ಕೆ ಬಲಿಯಾಯಿತು. ಹುಚ್ಚಪ್ಪ ಮಂಗಳ ಹಾಡಿದ. ಯಾರೂ ಏಳಲಿಲ್ಲ. ಗಂಗಪ್ಪ ತಲೆಗೆ ಸುತ್ತಿದ ಪಟಗದಲ್ಲಿ ಮುಖ ಮುಚ್ಚಿಕೊಂಡಿದ್ದ.

"ಏ ಗಂಗ್ಯಾ, ನಿಮ್ಮಪ್ಪ ಸತ್ತಾಗರ ಇಷ್ಟ ಅತ್ತಿದ್ಯೇನೋ?" ಎಂದು ಯಾರೋ ಕೆಣಕಿದರು.

"ನಮ್ಮಪ್ಪ ನನಗ ಬಡೀತಿದ್ದ. ಇದು ಯಾರಿಗಿ ಏನ್ ಮಾಡಿತ್ತು?"

ಆಗ ಗಂಡನನ್ನು ಕೇಳದೆಯೇ ಉಡಚವ್ವ "ಕುಂಯ್" ಅಂದಳು. ಹುಚ್ಚಪ್ಪ ವಿಧಿಯಿಲ್ಲದೆ ನಾಯಿಯನ್ನು ಮತ್ತೆ ಪರದೆಗೆ ಹಚ್ಚಿದ. ಮಂದಿ ಕೂಗಿದ ಕೂಗಿಗೆ ದೀಪ ಅಲ್ಲಾಡಿತು. ಅಲ್ಲಿಂದ ಮುಂದೆ ಪ್ರತಿ ಚಳಿಗಾಲ ಬಾಳ್ಯಾ ಸಾಯುತ್ತಿತ್ತು, ಉಡಚವ್ವ ಎಬ್ಬಿಸುತ್ತಿದ್ದಳು.

ಅರವತ್ತಾರರ ಮಳೆಗಾಲದಲ್ಲಿ ಉಡಚವ್ವ ಜ್ವರ ಬಂದು ಹೋದಳು. ಆಗ ಅವರ ಬಿಡಾರ ಧಾರವಾಡದಲ್ಲಿ ಕೆಲಗೇರಿ ಕೆರೆಯ ದಂಡೆಗಿತ್ತು. ಅಲ್ಲೇ ಮಣ್ಣು ಮಾಡಿದರು. ಚಳಿಗಾಲಕ್ಕೆ ಹುಚ್ಚಪ್ಪ ಒಬ್ಬನೇ ಬಂದ. ಮಂದಿ ಬಿಡಲಿಲ್ಲವೆಂದು ಪರದೆ ಕಟ್ಟಿದ. ಬಾಳ್ಯಾ ಪರದೆಯ ಈ ತುದಿಯಿಂದ ಆ ತುದಿಗೆ ನಡೆಯಿತು. ಹುಚ್ಚಪ್ಪ ಬಾಯಿ ತೆರೆದ, ಮುಚ್ಚಿದ. ದನಿಯಿಲ್ಲದ ನಾಯಿಯನ್ನು ಕಂಡು ಒಬ್ಬರೂ ನಗಲಿಲ್ಲ.

"ಅವ್ವ ಹೋದಳಂತ ಉಂಡಿಲ್ಲ ಅದು. ಹಸದೈತಿ," ಅಂದ ಗಂಗಪ್ಪ.

ಮರುದಿನ ಹುಚ್ಚಪ್ಪ ಸ್ನಾನಕ್ಕೆ ಹೋದಾಗ ಗಂಗಪ್ಪ ಗೊಂಬೆಯ ಬುಟ್ಟಿ ತೆರೆದು, ಬಾಳ್ಯಾನ ಬಾಯಿಗೆ ತುಪ್ಪ ಬೆಲ್ಲ ಸವರಿ, ಕೈಮುಗಿದು ಹೋದ. ಅದರ ವಾಸನೆಗೆ ಬುಟ್ಟಿಗೆ ಇಲಿ ಬಿದ್ದವು. ಸಂಜೆ ತೆಗೆದು ನೋಡಿದರೆ ನಾಯಿಗೆ ದವಡೆಯಿಲ್ಲ, ಒಂದು ಕಿವಿಯಿಲ್ಲ.

ಮುಖ ಕೆಟ್ಟ ಗೊಂಬೆಯನ್ನು ಗೊಂಬೆ ಆಡಿಸುವವರು ಪರದೆಗೆ ಹಚ್ಚುವುದಿಲ್ಲ, ಬಿಸಾಡುವುದೂ ಇಲ್ಲ. ಮನೆಯಲ್ಲಿ ಸತ್ತವರ ಹಾಗೆ ಅರಿಶಿನ ಕುಂಕುಮ ಹಚ್ಚಿ ನೀರಿಗೆ ಬಿಡುತ್ತಾರೆ. ಆದರೆ ಓಣಿ ಒಪ್ಪಬೇಕಲ್ಲ? ಬಾಳ್ಯಾ ನಮ್ಮದು, ಬಿಡೂದಿಲ್ಲ ಎಂದು ಹೆಂಗಸರು ಮಕ್ಕಳೆಲ್ಲ ಅಡ್ಡ ನಿಂತರು. ಯಂಕವ್ವನೂ ಸೂಜಿ ತಂದಳು.

"ತೊಗಲು ಕೊಡು ಅಣ್ಣಾ. ಗೆರಿ ಕಾಣದಂಗ ಹೊಲೀತೇನಿ."

"ದವಡಿ ಹೊಲೀತೀರಿ ಯವ್ವಾ. ದನಿ?"

ಯಂಕವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಗಂಗಪ್ಪ ಬಂದು ಕಾಲಿಗೆ ಬಿದ್ದ. "ನಾನ ಕೊಂದ್ನೆಪಾ, ನಾನ."

"ಏಳೋ ತಮ್ಮಾ. ಇಷ್ಟ ಮಂದಿ ನೋಡಿದ್ರು. ಅದಕ್ಕ ಉಣಸಿದಾಂವ ನೀ ಒಬ್ಬನ."

ಗಂಗಪ್ಪನೇ ಎದ್ದು ಮಂದಿಯನ್ನು ಸರಿಸಿದ. "ಹಾದಿ ಬಿಡ್ರಿ. ಅದು ತಮ್ಮವ್ವನ ಕಡೆ ಹೊಂಟೈತಿ."

ಯಂಕವ್ವ ಹೊಲಿದ ಅದೇ ಧೋತರದಲ್ಲಿ ಬಾಳ್ಯಾನನ್ನು ಸುತ್ತಿ, ಗಂಗಪ್ಪ ಕೂಸಿನ ಹಾಗೆ ಎತ್ತಿಕೊಂಡು, ಹುಚ್ಚಪ್ಪ ಯಂಕವ್ವ ಸೇರಿ ಮೂವರೂ ಧಾರವಾಡದ ಬಸ್ಸು ಹತ್ತಿದರು. ಕೆಲಗೇರಿಯಲ್ಲಿ ಹುಚ್ಚಪ್ಪ ಮೊಣಕಾಲುದ್ದ ನೀರಿಗಿಳಿದು ಬಾಳ್ಯಾನನ್ನು ಬಿಟ್ಟ. ತೊಗಲು ಮುಳುಗಲಿಲ್ಲ. ಎದುರು ಗಾಳಿಗೆ ತಿರುಗಿ ಅವನ ಕಾಲಿಗೇ ಬಂದು ಹತ್ತಿತು. ಮತ್ತೆ ನೂಕಿದ, ಮತ್ತೆ ಬಂತು. ದಂಡೆಯ ಮೇಲೆ ಗಂಗಪ್ಪ ಆಚೆ ಮುಖ ಮಾಡಿ ನಿಂತಿದ್ದ.

ಆಮೇಲೆ ಹುಚ್ಚಪ್ಪ ಕಮರಿಪೇಟೆಗೆ ಬರಲಿಲ್ಲ; ಯಂಕವ್ವ ಅವನನ್ನು ಮತ್ತೆ ಕಾಣಲಿಲ್ಲ. ಅಂದು ನೀರಲ್ಲೇ ನಿಂತು ಅವನು ನಾಯಿಯ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಅವಳತ್ತ ತಿರುಗಿದ.

"ದನಿ ಕೇಳದ ಹೋಗೂದಿಲ್ರಿ ಇದು. ನೀವು ಅಕಿ ಮಗ್ಗಲಕ್ಕ ಕುಂತು ಕೇಳೀರಿ. ಅಕಿ ಅಂತಿದ್ಲಲ್ರಿ, ಹಂಗ... ಒಂದ ಸಲ ಅಂತೀರೇನ್ರಿ ಯವ್ವಾ?"