ಗಂಡನ ಹೆಸರು ಕೇಳಿದ ಮತಗಟ್ಟೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟೇ: ‘ಚುನಾವಣೆ ಕೆಲಸ ಮುಗಿಯಿತು. ತಲೆನೋವು.’ ಉಳಿದದ್ದೆಲ್ಲ ನೆನಪು. ನನ್ನ ನೆನಪು ನನ್ನ ಕಡೆಗೇ ಸ್ವಲ್ಪ ವಾಲುತ್ತದೆಂದು ನನಗೆ ಗೊತ್ತು.

ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಕೊನೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಕಡೂರಿನ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದು ಎರಡು ವರ್ಷವಾಗಿತ್ತು. ಸಂಸ್ಥಾನದ ಸಭೆಗೆ ತಾಲ್ಲೂಕಿನಿಂದ ಒಬ್ಬ ಪ್ರತಿನಿಧಿಯನ್ನು ಆರಿಸಬೇಕಿತ್ತು. ತಮ್ಮ ಹೆಸರಿನಲ್ಲೇ ಜಮೀನಿನ ಖಾತೆ ಇದ್ದ ಹೆಂಗಸರಿಗೂ ವೋಟಿನ ಹಕ್ಕು ಬಂದಿತ್ತು. ಅವರಿಗೆ ಬೇರೆ ಕೋಣೆ. ಬಂದವರ ಗುರುತನ್ನು ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸ ನನ್ನದು. ಪ್ರಿಸೈಡಿಂಗ್ ಆಫೀಸರ್, ಎಂದರೆ ಮತಗಟ್ಟೆಯಲ್ಲಿ ಕೊನೆಯ ಮಾತು ಯಾರದೋ ಅವರು, ನನ್ನ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ನೆಂಟರ ಬಾಯಿಗೆ ಹೆದರದೆ ಕಾಲೇಜಿಗೆ ಕಳಿಸಿದವರು.

ನಿಂತವರು ಇಬ್ಬರು. ಒಬ್ಬರು ತೆಂಗಿನಕಾಯಿ ಮಂಡಿಯ ಸಾಹುಕಾರರು. ಅಧಿಕಾರಿಗಳೆಲ್ಲ ಅವರ ಕಡೆ ಎಂಬುದು ಊರಿಗೇ ಗೊತ್ತಿತ್ತು. ಇನ್ನೊಬ್ಬರು ಬೀರೂರಿನ ವಕೀಲರು. ಯಗಟಿ ಕಡೆ ಕುರಿ ಮೇಯುವ ಕಾವಲಿಗೆ ಸಾಹುಕಾರರು ಬೇಲಿ ಹಾಕಿಸಿದ್ದರು. ಅದನ್ನು ತೆಗೆಸುತ್ತೇನೆಂದು ವಕೀಲರು ಮಾತು ಕೊಟ್ಟಿದ್ದರು.

ಮತದಾರಳು ಗುರುತಿಗೆ ತನ್ನ ಹೆಸರನ್ನೂ ಗಂಡನ ಹೆಸರನ್ನೂ ಹೇಳಬೇಕು. ಗಂಡನ ಹೆಸರನ್ನು ನಮ್ಮಲ್ಲಿ ಯಾವ ಹೆಂಗಸು ಬಾಯಿಬಿಟ್ಟು ಹೇಳುತ್ತಾಳೆ? ಬೆಳಿಗ್ಗೆ ಸಾಹುಕಾರರ ಕಡೆಯ ಹೆಂಗಸರು ಬಂದಾಗ ಮಾವನೇ ಪಟ್ಟಿ ನೋಡಿ ಹೆಸರು ಓದಿದರು, ಅವರು ತಲೆಯಾಡಿಸಿದರು, ನಾನು ಗುರುತು ಸರಿಯೆಂದು ಗೆರೆ ಎಳೆದೆ. ಮಾವನ ಈ ಮರ್ಯಾದೆ ಕಂಡು ನನಗೆ ಹೆಮ್ಮೆಯೂ ಆಯಿತು.

ಮಧ್ಯಾಹ್ನ ಇಳಿದ ಮೇಲೆ ಯಗಟಿಯಿಂದ ಎರಡು ಗಾಡಿಗಳಲ್ಲಿ ಹನ್ನೊಂದು ಹೆಂಗಸರು ಬಂದರು. ನಾನು ಹೆಸರು ಓದಲು ಹೊರಟೆ. ಮಾವ ತಡೆದರು.

“ನೀನು ಓದಬೇಡ ಕಣಮ್ಮ. ಅವರೇ ಹೇಳ್ಲಿ. ಹೇಳ್ದಿದ್ರೆ ಗುರುತು ಸಿಗಲಿಲ್ಲ ಅಂತ ಬರಿ.”

ಬರೆದೆ. ಹತ್ತು ಸಲ ಬರೆದೆ.

ಹನ್ನೊಂದನೆಯವಳು ಸಿದ್ದಮ್ಮ. ವಿಧವೆ, ಹೆಸರಿಗೆ ತುಂಡು ಹೊಲವಿದ್ದರೂ ಕುರಿಗಳನ್ನೇ ನಂಬಿಕೊಂಡವಳು. ಅಲುಗಾಡದೆ ನಿಂತಳು. ತಾನೂ ಹೆಸರು ಹೇಳಲಾಗದೆ ಆಗಲೇ ಹೊರಗೆ ಹೋಗಿದ್ದ ಅವಳ ವಾರಗಿತ್ತಿ ಬಾಗಿಲಿಂದಲೇ ರೇಗಿಸಿದಳು: “ಹೇಳ್ಬಿಡೇ ಅಕ್ಕ. ಹೆಸ್ರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಯ್ತದಂತೆ. ಭಾವ ಹೋಗಿ ಹತ್ತು ವರ್ಷ ಆಯ್ತು, ಇನ್ನೇನು ಕಮ್ಮಿ ಆಗೋದು?”

“ಸುಮ್ಕಿರೇ. ನಾಲಿಗೆ ಏಳಬೇಕಲ್ಲ!” ಎಂದು ಸಿದ್ದಮ್ಮ ನನ್ನ ಕಡೆ ತಿರುಗಿದಳು. “ಅವ್ವಾ, ನಿಮ್ಮ ಕಾಗದದಾಗೇ ಐತಲ್ಲ, ನೀವೇ ಓದ್ರವ್ವ. ನನ್ನ ಕುರಿ ಮೇಯಕ್ಕೆ ಬ್ಯಾರೆ ಜಾಗ ಇಲ್ಲ.”

ಹೆಸರು ನನ್ನ ಬೆರಳಿನ ಕೆಳಗೇ ಇತ್ತು. ಮಾವನ ಮುಖ ನೋಡಿದೆ. ಓದಲಿಲ್ಲ.

ಎಷ್ಟು ಹೊತ್ತು ನಿಂತಳೋ ತಿಳಿಯದು. ಕೊನೆಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ, “ತಿಮ್ಮಯ್ಯ” ಎಂದಳು. ಅದಕ್ಕೆ ಮೊದಲು ಅವಳು ಆ ಹೆಸರನ್ನು ಎಂದೂ ಉಚ್ಚರಿಸಿರಲಾರಳು.

ಮಾವ ಜೇಬಿನ ಗಡಿಯಾರ ತೆಗೆದು ನೋಡಿದರು. “ಐದು ಹೊಡೀತು, ವೋಟಿನ ಹೊತ್ತು ಮುಗೀತು. ಬಾಗಿಲು ಹಾಕಿ.”

ಸಿದ್ದಮ್ಮನ ವೋಟೂ ಬೀಳಲಿಲ್ಲ. ಸಾಹುಕಾರರು ಏಳು ವೋಟಿನಿಂದ ಗೆದ್ದರು. ಬೇಲಿ ಉಳಿಯಿತು. ಆ ವರ್ಷವೇ ಸಿದ್ದಮ್ಮ ಕುರಿಗಳನ್ನು ಮಾರಿ ತವರಿಗೆ ಹೋದಳಂತೆ. ತವರು ಯಾವ ಊರೆಂದು ನಾನು ವಿಚಾರಿಸಲಿಲ್ಲ. ಈಗಲೂ ಬೀರೂರು ಸ್ಟೇಷನ್ನಿನಲ್ಲಿ ಕರಿಕಂಬಳಿ ಹೊದ್ದ ಹೆಂಗಸನ್ನು ಕಂಡರೆ, ಅವಳೇ ಇರಬಹುದೆಂದು ಎದ್ದು ನಿಲ್ಲುತ್ತೇನೆ.

ಸರ್ಕಾರಿ ಕೆಲಸ ನನಗೆ ಕಲಿಸಿದ್ದು ಇದು: ಕಾಯಿದೆಯಲ್ಲಿ ಏನಿದೆ ಎಂದು ಓದಿದರೆ ಸಾಲದು, ಯಾರು ಬಂದಾಗ ಅದನ್ನು ಹೊರಗೆ ತೆಗೆಯುತ್ತಾರೆ ಎಂದೂ ನೋಡಬೇಕು. ಬರೆಯುವ ಕೈ ನನ್ನದಾಗಿದ್ದಾಗ ತಪ್ಪೂ ನನ್ನದೇ.

ಮಾವ ಈಗ ತರೀಕೆರೆಯಲ್ಲಿದ್ದಾರೆ. ಅಲ್ಲಿಗೆ ಹೋದಾಗಲೆಲ್ಲ ನಾನು ಹುಡುಕುವುದು, ನನ್ನ ಬಿ.ಎ. ಫಲಿತಾಂಶ ಬಂದ ದಿನ ಬೀದಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದ ಮಾವನನ್ನು. ಹೋದ ಬೇಸಗೆಯಲ್ಲಿ ಊಟಕ್ಕೆ ಬಡಿಸುತ್ತಾ ಕೇಳಿಯೇಬಿಟ್ಟೆ. ಅವರು ಅರ್ಧ ಊಟಕ್ಕೇ ಎಲೆ ಮಡಿಸಿ ಕೈತೊಳೆಯಲು ಎದ್ದರು.

“ಮಾವ, ಬೆಳಿಗ್ಗೆ ಅಷ್ಟು ಜನರ ಗಂಡಂದಿರ ಹೆಸರು ನೀವೇ ಓದಿದ್ರಲ್ಲ. ಸಿದ್ದಮ್ಮನ ಗಂಡನ ಹೆಸರು ಓದಬೇಡಿ ಅಂತ ನಿಮಗೆ ಯಾರು ಹೇಳಿದ್ರು?”