ಗ್ಯಾಲರಿ ಕೆಳಗಿನ ಐಸಕ್ಕ

ಆಟದ ಮೈದಾನದ ಗ್ಯಾಲರಿಯ ಕೆಳಗೆ, ಮೆಟ್ಟಿಲುಗಳ ಇಳಿಜಾರೇ ಸೂರಾಗಿರುವ ಒಂದು ಕೋಣೆಯಿದೆ. ಒಳಗೆ ಬರುವಾಗ ಎತ್ತರದವರು ತಲೆ ತಗ್ಗಿಸಬೇಕು. ಮರೆತವರಿಗೆ ಚಿಕಿತ್ಸೆಯೂ ಅಲ್ಲೇ ಸಿಗುತ್ತದೆ. ಉದ್ದನೆಯ ಬೆಂಚು, ಗುಂಯ್‌ಗುಡುವ ಹಳೆಯ ಫ್ರಿಜ್ಜು, ಹಗ್ಗದ ಮೇಲೆ ಒಣಗುತ್ತಿರುವ ಕ್ರೇಪ್ ಬ್ಯಾಂಡೇಜುಗಳು. ಇಲ್ಲಿರುವಾಕೆಯನ್ನು ಎಲ್ಲರೂ ಐಸಕ್ಕ ಎಂದೇ ಕರೆಯುತ್ತಾರೆ. ಒಂದು ಕಾಲದಲ್ಲಿ ಹ್ಯಾಂಡ್‌ಬಾಲ್ ಆಡುತ್ತಿದ್ದವಳು. ಮೊಣಕಾಲಿನೊಳಗಿನ ಕಟ್ಟು, ಅಂದರೆ ಲಿಗಮೆಂಟ್, ಹರಿದು ಆಟ ನಿಂತ ಮೇಲೆ ಫಿಸಿಯೋಥೆರಪಿ ಸಹಾಯಕಿಯ ತರಬೇತಿ ಪಡೆದು, ಅದೇ ಮೈದಾನಕ್ಕೆ ಮರಳಿದಳು.

ಅವಳ ಕೆಲಸದಲ್ಲಿ ಅರ್ಧ ಚಿಕಿತ್ಸೆ, ಅರ್ಧ ಬೈಗುಳ. ಪಾದ ಉಳುಕಿಸಿಕೊಂಡ ಫುಟ್‌ಬಾಲ್ ಆಟಗಾರನೊಬ್ಬ ಐಸಿನ ತುಂಡನ್ನು ನೇರವಾಗಿ ಚರ್ಮಕ್ಕೆ ಒತ್ತಿಕೊಂಡು ಕೂತಿದ್ದರೆ, "ಬಟ್ಟೆ ಸುತ್ತಿಡೋ. ನಿನ್ನ ಕಾಲೇನು ಮಾರೋಕಿಟ್ಟಿರೋ ಮೀನಾ?" ಎನ್ನುತ್ತಾಳೆ. ಉಳುಕಿದ ಗಂಟನ್ನು ತಿಕ್ಕಿ ಸರಿಮಾಡಲು ಬಂದ ಗೆಳೆಯರನ್ನು ಹೊರಗಟ್ಟುತ್ತಾಳೆ. ಉಳುಕೆಂದರೆ ಮೂಳೆಗೆ ಮೂಳೆ ಬಿಗಿದಿರುವ ಕಟ್ಟು ಜಗ್ಗಿದ್ದು, ತೊಡೆ ಹಿಡಿದುಕೊಂಡರೆ ಸ್ನಾಯುವಿನ ಎಳೆಗಳು ಹರಿದದ್ದು. ಎರಡನ್ನೂ ಆ ಹೊತ್ತಿನಲ್ಲಿ ತಿಕ್ಕುವುದು ಬೇಡ. ತರಚಿದ ಮಂಡಿಯನ್ನು ಮೊದಲು ನೀರಿನಲ್ಲಿ ತೊಳೆದು, ಮಣ್ಣು ಹೋದ ಮೇಲೆಯೇ ಮುಲಾಮು. ಬೊಕ್ಕೆಯ ಚರ್ಮ ಸುಲಿಯಬಾರದು. ಕಾಲೂರಲು ಆಗದಿದ್ದರೆ, ಕೀಲಿನ ಆಕಾರ ಕೆಟ್ಟಿದ್ದರೆ, ಅವಳು ಮುಟ್ಟುವುದೇ ಇಲ್ಲ. "ನನ್ನ ಕಣ್ಣಲ್ಲಿ ಎಕ್ಸ್‌ರೇ ಇಲ್ಲ, ಆಸ್ಪತ್ರೆಗೆ ನಡಿ" ಎಂದು ಆಟೋ ಕರೆಸುತ್ತಾಳೆ.

ಓಟಗಾರರನ್ನು ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಲ್ಲಿ ನೋವು, ಕೈಯಿಟ್ಟು ತೋರಿಸು." ಅಂಗೈ ಬಿಡಿಸಿ ಉದ್ದಕ್ಕೂ ಸವರಿದರೆ ಸ್ನಾಯು ಅಥವಾ ಮೂಳೆಯ ಹೊದಿಕೆ ದಣಿದಿರುವ ಸಂಭವ ಹೆಚ್ಚು. ಒಂದೇ ಬೆರಳು ಒಂದೇ ಜಾಗಕ್ಕೆ ಹೋಗಿ ನಿಂತರೆ ಮೂಳೆಯ ಮೇಲೇ ಅನುಮಾನ. ಅಂಗೈ ತೋರಿಸಿದವರಿಗೆ ಅಭ್ಯಾಸ ಕಡಿಮೆಯಾಗುತ್ತಿತ್ತು, ಬೆರಳು ತೋರಿಸಿದವರಿಗೆ ನಿಂತೇ ಹೋಗುತ್ತಿತ್ತು. ಇದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ತಿಳಿದುಕೊಂಡರೆ ಒಳ್ಳೆಯದೇ ಎಂದು ಕೋಣೆಗೆ ಬಂದವರಿಗೆಲ್ಲ ವಿವರಿಸುತ್ತಿದ್ದಳು.

ಹಾಗೆ ಕೇಳಿಕೊಂಡೇ ಬೆಳೆದವಳು ಅವಳ ಅಣ್ಣನ ಮಗಳು. ಶಾಲೆ ಬಿಟ್ಟ ಮೇಲೆ ಅದೇ ಬೆಂಚಿನ ಮೇಲೆ ಹೋಂವರ್ಕ್ ಮಾಡುತ್ತಿದ್ದ ಹುಡುಗಿ ಈಗ ಎಂಟುನೂರು ಮೀಟರ್ ಓಟಗಾರ್ತಿ. ಆಯ್ಕೆಯ ಓಟ ಹತ್ತಿರ ಬಂದಿತ್ತು. ಆ ವಯಸ್ಸಿನ ಗುಂಪಿನಲ್ಲಿ ಓಡಲು ಅವಳಿಗೆ ಅದೇ ಕೊನೆಯ ಅವಕಾಶ. ಅಷ್ಟರಲ್ಲಿ ಹುಡುಗಿ ಕುಂಟತೊಡಗಿದಳು.

"ಎಲ್ಲಿ, ತೋರಿಸು."

ಹುಡುಗಿ ಅಂಗೈ ಬಿಡಿಸಿ, ಮೊಣಕಾಲಿನ ಕೆಳಗಿನಿಂದ ಕಣಕಾಲಿನ ಒಳಬದಿಯುದ್ದಕ್ಕೂ ಸವರಿದಳು. "ಇಷ್ಟುದ್ದಕ್ಕೂ, ಅತ್ತೆ. ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತೆ."

ಉತ್ತರದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಐಸಕ್ಕ ಅಭ್ಯಾಸ ಅರ್ಧಕ್ಕಿಳಿಸಿ, ಐಸು ಕಟ್ಟಿ ಕಳಿಸಿದಳು. ಆದರೆ ನೋವು ಅರ್ಧಕ್ಕಿಳಿಯಲಿಲ್ಲ. ಒಂದು ಸಂಜೆ ಅಣ್ಣನ ಮನೆಗೆ ಹೋದಾಗ, ಹುಡುಗಿ ಚಪ್ಪಲಿ ಮೆಟ್ಟಲು ಗೋಡೆ ಹಿಡಿದುಕೊಂಡದ್ದು ಕಣ್ಣಿಗೆ ಬಿತ್ತು. ಆ ಕಾಲಿನ ಮೇಲೆ ಅವಳು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಐಸಕ್ಕನಿಗೆ ಆಗ ಹೊಳೆಯಿತು: ಪರೀಕ್ಷೆಗೆ ಮುಂಚೆಯೇ ಉತ್ತರ ಹೇಳಿಕೊಟ್ಟವಳು ತಾನೇ.

ಮರುದಿನ ಬೆಂಚಿನ ಮೇಲೆ ಕೂರಿಸಿದಳು. "ಕಾಲು ಚಾಚು. ನಿಮ್ಮ ಕೋಚ್ ಸೀಟಿ ಕಳ್ಕೊಂಡ ಕಥೆ ಏನದು?"

"ಅಯ್ಯೋ, ಅದಾ? ಮೈದಾನ ಪೂರ್ತಿ ನಮ್ಮ ಕೈಲಿ ಹುಡುಕಿಸಿದ್ರು. ಕೊನೆಗೆ ನೋಡಿದ್ರೆ ಅವರ ಕತ್ತಲ್ಲೇ—"

ಮೂಳೆಯ ಅಂಚಿನಲ್ಲಿ ಮೆಲ್ಲಗೆ ಇಳಿಯುತ್ತಿದ್ದ ಅತ್ತೆಯ ಹೆಬ್ಬೆರಳು ಒಂದು ನಾಣ್ಯದಷ್ಟು ಜಾಗಕ್ಕೆ ಬಂದಿತ್ತು. ಮಾತು ಅಲ್ಲೇ ತುಂಡಾಯಿತು. ಐಸಕ್ಕ ಕೈ ತೆಗೆದಳು.

"ಗೊತ್ತಿದ್ದೂ ಅಂಗೈ ತೋರಿಸಿದ್ಯಾ?"

"ಬೆರಳು ತೋರಿಸಿದ್ರೆ ಓಡೋಕೆ ಬಿಡ್ತಿದ್ಯಾ?"

"ಇಲ್ಲ."

"ಅದಕ್ಕೇ."

ವೈದ್ಯರು ಸ್ಕ್ಯಾನ್ ಮಾಡಿಸಿದರು. ಮೂಳೆ ಮುರಿದಿರಲಿಲ್ಲ; ಕೂದಲೆಳೆಯಂಥ ಸೀಳು ಶುರುವಾಗಿತ್ತು. ಓಟದ ಪೆಟ್ಟಿಗೆ ಮೂಳೆ ಸವೆಯುತ್ತದೆ, ವಿಶ್ರಾಂತಿಯಲ್ಲಿ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳುವ ವೇಗವನ್ನು ಪೆಟ್ಟು ಮೀರಿದರೆ ಹೀಗಾಗುತ್ತದೆ. ಓಡಿದರೆ ಪೂರ್ತಿ ಮುರಿಯಬಹುದು ಎಂದರು.

ಹುಡುಗಿಯ ಅಪ್ಪ ಲಾರಿ ಮೆಕ್ಯಾನಿಕ್. ಮಗಳ ಮುಖ ನೋಡಲಾಗದೆ ತಂಗಿಯ ಹತ್ತಿರ ಬಂದ. "ಒಂದೇ ಒಂದು ಓಟ ಕಣೇ. ಓಡ್ಲಿ, ಆಮೇಲೆ ಬೇಕಾದಷ್ಟು ಮಲಗಿರ್ಲಿ."

"ಆಕ್ಸೆಲ್ ಸೀಳಿರೋ ಲಾರಿನ ಒಂದೇ ಒಂದು ಟ್ರಿಪ್ಪಿಗೆ ಕಳಿಸ್ತೀಯಾ, ಅಣ್ಣ?"

"ಆಕ್ಸೆಲ್ ಆದ್ರೆ ಬದಲಾಯಿಸಿ ಕಳಿಸ್ತೀನಿ," ಎಂದವನು ಎದ್ದು ಮನೆಗೆ ಹೊರಟ.

ಐಸಕ್ಕ ತನ್ನ ಮೊಣಕಾಲಿನ ಕಥೆ ಹೇಳಿ ಹುಡುಗಿಯನ್ನು ಒಪ್ಪಿಸುತ್ತಾಳೆ ಎಂದು ಮನೆಯವರು ಕಾದಿದ್ದರು. ಅವಳು ಹೇಳಲಿಲ್ಲ. "ನನ್ನ ಕಾಲು ತೋರಿಸಿ ಅವಳನ್ನ ಯಾಕೆ ಹೆದರಿಸ್ಲಿ?" ಎಂದಳು. ಸ್ಕ್ಯಾನಿನ ಚಿತ್ರವನ್ನು ಹುಡುಗಿಯ ಕೈಗೇ ಕೊಟ್ಟು, ಕೋಚ್ ಬಳಿ ಜೊತೆಗೆ ಹೋಗಿ ಸುಮ್ಮನೆ ನಿಂತಳು. ಹುಡುಗಿ ಬಹಳ ಹೊತ್ತು ಆ ಚಿತ್ರ ನೋಡಿ, "ನನ್ನ ಹೆಸರು ತೆಗೀರಿ ಸರ್" ಎಂದಳು.

ಆಮೇಲೆ ಅತ್ತೆಯೊಡನೆ ಮಾತು ಬಿಟ್ಟಳು. ವೈದ್ಯರು ಹೇಳಿದ ವ್ಯಾಯಾಮಕ್ಕೆ ಕೋಣೆಗೆ ಬರುತ್ತಿದ್ದಳು, ಕೇಳಿದ್ದಕ್ಕೆ ಹ್ಞೂಂ ಎನ್ನುತ್ತಿದ್ದಳು, ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಹೋಗುತ್ತಿದ್ದಳು. ಐಸಕ್ಕ ಅದನ್ನೆಲ್ಲ ತಣ್ಣಗೆ ನುಂಗಿಕೊಂಡಳು. ತನ್ನ ಕೆಲಸದ ಕ್ರಮವನ್ನು ಮಾತ್ರ ಬದಲಿಸಿದಳು. ಈಗ ಯಾರನ್ನೂ ತೋರಿಸೆಂದು ಕೇಳುವುದಿಲ್ಲ. ಮನೆಯ ಸುದ್ದಿ ಕೇಳುತ್ತ ಒತ್ತಿ ನೋಡುತ್ತಾಳೆ.

ಮುಂದಿನ ಋತುವಿನಲ್ಲಿ ಹುಡುಗಿ ದೊಡ್ಡವರ ಗುಂಪಿನಲ್ಲಿ ಓಡಿದಳು. ಐದನೆಯವಳಾದಳು. ಬೆವರಿನಲ್ಲೇ ಕೋಣೆಗೆ ನುಗ್ಗಿ ಬ್ಯಾಗು ಬಿಸಾಡಿದಳು.

"ತಿರುವಲ್ಲಿ ಒಳಗೆ ನುಗ್ಗಬೇಕಿತ್ತು, ಅತ್ತೆ. ಆ ಉದ್ದ ಜಡೆಯವಳು ಮೊಣಕೈ ಅಡ್ಡ ಇಟ್ಟಳು. ಅವಳಿಗೆ ಯಾರೂ ಏನೂ ಹೇಳಲ್ಲ. ಕೊನೇ ಸುತ್ತಲ್ಲಿ ಇನ್ನೂ ದಮ್ಮಿತ್ತು ನನಗೆ, ಪೆದ್ದಿ ಥರ ಕಾದ್ಕೊಂಡು ಕೂತೆ..."

ಉದ್ದ ಜಡೆಯವಳಾಯಿತು, ತೀರ್ಪುಗಾರರಾಯಿತು, ಗಾಳಿಯೂ ಆಯಿತು. ಕಾಲಿನ ಮಾತೇ ಬರಲಿಲ್ಲ. ಐಸಕ್ಕ ಒಣಗಿದ ಬ್ಯಾಂಡೇಜುಗಳನ್ನು ಸುರುಳಿ ಸುತ್ತುತ್ತ, ನಡುವೆ ಬಾಯಿ ಹಾಕದೆ, ಎಲ್ಲವನ್ನೂ ಕೇಳಿಸಿಕೊಂಡಳು.