ಕೊನೆಯ ಸರದಿ

ದಕ್ಷಿಣ ಆಸ್ಟ್ರೇಲಿಯಾದ ಕಡಲಂಚಿನ ಮೂಂಟಾ ಊರಿನ ಓಟದ ಸಂಘದಲ್ಲಿ ಒಂದು ಪದ್ಧತಿಯಿದೆ. ನಿಧಾನದವರು ಮೊದಲು ಹೊರಡಬೇಕು, ವೇಗದವರು ಕೊನೆಗೆ. ಯಾರು ಎಷ್ಟು ನಿಮಿಷ ಬಿಟ್ಟು ಹೊರಡಬೇಕೆಂದು ಗೊತ್ತುಮಾಡುವವನು ಕ್ಲಾರಿ ಶುಲ್ಟ್ಸ್. ಅವನ ಅಂದಾಜು ಸರಿಯಿದ್ದರೆ, ಭಾನುವಾರ ಬೆಳಿಗ್ಗೆ ಮುದುಕರೂ ಹುಡುಗಿಯರೂ ಆರು ಕಿಲೋಮೀಟರ್ ಮುಗಿಸಿ ಹೆಚ್ಚುಕಡಿಮೆ ಒಟ್ಟಿಗೇ ಗುರಿ ಸೇರುತ್ತಾರೆ, ಒಟ್ಟಿಗೇ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಬಿಸಿ ಪೇಸ್ಟಿ ತಿನ್ನುತ್ತಾರೆ. ಸಂಘ ಇರುವುದೇ ಆ ಪೇಸ್ಟಿಗೆ ಎನ್ನುವವರೂ ಇದ್ದಾರೆ.

ಗ್ಲೆನಿಸ್ ಪೆನ್‌ಬರ್ಥಿಯದು ಇಪ್ಪತ್ತು ವರ್ಷ ಕೊನೆಯ ಸರದಿ. ಮೊದಲಿನವರು ಹೊರಟು ಐವತ್ತು ನಿಮಿಷವಾದ ಮೇಲೆ ಅವಳು ಒಬ್ಬಳೇ ಗೆರೆಯ ಮೇಲೆ ನಿಂತಿರುತ್ತಿದ್ದಳು. ಆಮೇಲೆ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಬರುವುದು! ಆ ಸುಖ ಏನೆಂದು ಅವಳನ್ನೇ ಕೇಳಬೇಕು. ಅಷ್ಟರಲ್ಲಿ ಅಕ್ಕ ಮರ್ಲ್ ಹಾಸಿಗೆ ಹಿಡಿದಳು. ಮದುವೆಯಾಗದ ಅಕ್ಕತಂಗಿ, ಒಂದೇ ಮನೆ. ಮೂರು ವರ್ಷ ಗ್ಲೆನಿಸ್ ಅಡುಗೆಮನೆಯಿಂದ ಅಕ್ಕನ ಕೋಣೆಗೆ, ಕೋಣೆಯಿಂದ ಅಡುಗೆಮನೆಗೆ ನಡೆದಳು, ಅಷ್ಟೇ. ಏಪ್ರಿಲ್‌ನಲ್ಲಿ ಮರ್ಲ್ ಹೋದಳು.

ಆಮೇಲೆ ಮನೆ ಎಷ್ಟು ಬಿಕೋ ಎನ್ನತೊಡಗಿತೆಂದರೆ, ಗ್ಲೆನಿಸ್ ಕೆಟಲ್‌ಗೂ ರೇಡಿಯೋಗೂ ಉತ್ತರ ಕೊಡತೊಡಗಿದಳು. ಬೆಳಿಗ್ಗೆ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಕಾಗದ ವಿಂಗಡಿಸುವ ಕೆಲಸ, ಅಲ್ಲೂ ಒಬ್ಬಳೇ. ಭಾನುವಾರದ ಓಟ ಒಂದು ಸಿಕ್ಕಿದರೆ ವಾರಕ್ಕೊಮ್ಮೆಯಾದರೂ ಮನುಷ್ಯರ ಮುಖ ಕಂಡೀತು. ಅದೂ ತಪ್ಪಿದರೆ ಮುಂದೇನು ಎಂದು ಯೋಚಿಸಲು ಅವಳಿಗೆ ಭಯವಾಗುತ್ತಿತ್ತು.

ಜೂನ್‌ನ ಮೊದಲ ಭಾನುವಾರ ಹಳೆಯ ಬೂಟು ಹಾಕಿಕೊಂಡು ಹೋದಳು.

"ಗ್ಲೆನ್, ಮೊದಲ ಸರದಿ ಕೊಡ್ತೀನಿ ಕಣೇ," ಎಂದ ಕ್ಲಾರಿ. "ವಿನ್ಸ್ ಜೊತೆ ಹೊರಡು. ಮೂರು ವರ್ಷ ಆಯ್ತಲ್ಲ."

ವಿನ್ಸ್‌ಗೆ ಎಂಬತ್ತೊಂದು. ಅವನು ಓಡುವುದೇ ಇಲ್ಲ, ಕೋಲೂರಿಕೊಂಡು ನಡೆಯುತ್ತಾನೆ.

"ನನ್ನ ಸರದಿ ಯಾವ್ದು ಅಂತ ನಿಂಗೆ ಗೊತ್ತು," ಎಂದಳು ಗ್ಲೆನಿಸ್.

"ನಿನ್ನ ಕಾಲಿಗೆ ಗೊತ್ತಾ?"

"ಐವತ್ತು ನಿಮಿಷ, ಕ್ಲಾರಿ. ಬರ್ಕೋ."

ಹಗ್ಗ ಸುಟ್ಟರೂ ಹುರಿ ಬಿಡಲಿಲ್ಲ ಎನ್ನುವುದು ಇದಕ್ಕೇ. ಅವನು ತಲೆಯಲ್ಲಾಡಿಸಿ ಬರೆದುಕೊಂಡ.

ಮೊದಲ ಎರಡು ಕಿಲೋಮೀಟರ್ ಎದೆ ಸಲೀಸಾಗಿತ್ತು. ಆಮೇಲೆ ಬಲಪಾದದ ಗಂಟಿನ ಒಳಮಗ್ಗುಲಲ್ಲಿ ಚುಳುಕ್ ಎಂದಿತು. ಮೂರನೆಯದರಲ್ಲಿ ಅದು ನೋವಾಯಿತು, ನಾಲ್ಕನೆಯದರಲ್ಲಿ ಕುಂಟಾಯಿತು. ಮುಂದೆ ದಾಟಲು ಒಂದು ಬೆನ್ನೂ ಕಾಣಲಿಲ್ಲ. ಬರೀ ಗಾಳಿ, ಕಡಲಪಾಚಿಯ ವಾಸನೆ, ಉದ್ದಕ್ಕೂ ಖಾಲಿ ರಸ್ತೆ. ಅವಳು ಗುರಿ ಮುಟ್ಟಿದಾಗ ಎಲ್ಲರೂ ತಿಂದು ಮನೆಗೆ ಹೋಗಿದ್ದರು. ಗಡಿಯಾರ ಹಿಡಿದ ಕ್ಲಾರಿ ಒಬ್ಬನೇ ನಿಂತಿದ್ದ, ಕಾಗದದಲ್ಲಿ ಸುತ್ತಿದ ಒಂದು ತಣ್ಣನೆಯ ಪೇಸ್ಟಿಯೊಂದಿಗೆ.

ಎರಡನೇ ಭಾನುವಾರವೂ ಅದೇ ಸರದಿ, ಅದೇ ತಣ್ಣನೆಯ ಪೇಸ್ಟಿ. ಮೂರನೆಯ ಭಾನುವಾರ ಕ್ಲಾರಿ ಕಾರು ತಂದು ದಾರಿ ಮಧ್ಯದಿಂದಲೇ ಅವಳನ್ನು ಹತ್ತಿಸಿಕೊಳ್ಳಬೇಕಾಯಿತು. ಮನೆಗೆ ಬಂದವಳು ಬೂಟು ಬಿಚ್ಚಿ ಗೋಡೆಗೆ ಎಸೆದಳು, ಆಮೇಲೆ ಮರ್ಲ್‌ಳ ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮಾರನೆಯ ಬೆಳಿಗ್ಗೆ ಹಾಸಿಗೆಯಿಂದಿಳಿದು ಪಾದವೂರಿದರೆ ಜೀವ ಹೋದಂತಾಯಿತು.

ಗುರುವಾರ ಊರಿಗೆ ಬರುವ ಫಿಸಿಯೋ ಲಿಯೆನ್ ಎಂಬಾಕೆ, ತೀರ ಎಳೆಯ ವಯಸ್ಸಿನವಳು. ಗಂಟನ್ನು ಒತ್ತಿ, ತಿರುಗಿಸಿ, ಒಂಟಿಕಾಲಲ್ಲಿ ನಿಲ್ಲಿಸಿ ನೋಡಿದಳು. ಗ್ಲೆನಿಸ್ ಐದು ಎಣಿಸುವುದರೊಳಗೆ ಗೋಡೆ ಹಿಡಿದಳು.

"ಮುರಿದಿಲ್ಲ, ಹರಿದಿಲ್ಲ," ಎಂದಳು ಲಿಯೆನ್. "ನಿಮ್ಮ ಎದೆಗೆ ಓಟ ನೆನಪಿದೆ. ಪಾದದ ನರಕ್ಕೆ ಮರೆತುಹೋಗಿದೆ. ಅದಕ್ಕೆ ಒಂದನೇ ಕ್ಲಾಸಿಂದ ಕಲಿಸ್ಬೇಕು."

"ಓಡೋದು ಬಿಡ್ಬೇಕಾ?"

"ಪೂರ್ತಿ ಕೂತ್ರೂ ವಾಸಿಯಾಗಲ್ಲ. ಒಂದು ನಿಮಿಷ ಓಡಿ, ಎರಡು ನಿಮಿಷ ನಡೀರಿ. ಕೆಟಲ್ ಕಾಯೋವರೆಗೂ ಹಿಮ್ಮಡಿ ಎತ್ತಿ ಇಳಿಸಿ. ಮಾರನೇ ದಿನ ನೋವು ಜಾಸ್ತಿಯಾದ್ರೆ ಅಷ್ಟರಮಟ್ಟಿಗೆ ಕಡಿಮೆ ಮಾಡಿ. ಮತ್ತೆ ಆ ಬೂಟು ಇದ್ಯಲ್ಲ, ಕಲ್ಲಾಗಿದೆ. ಬಿಸಾಕಿ."

"ಎಷ್ಟು ದಿನ?"

"ತಿಂಗಳುಗಟ್ಟಲೆ. ನಾನು ಹೇಳ್ದಂಗೆ ಕೇಳಿದ್ರೆ. ನಿಮ್ಮನ್ನ ನೋಡಿದ್ರೆ ಕೇಳೋರ ಥರ ಕಾಣಲ್ಲ."

ಭಾನುವಾರ ಗ್ಲೆನಿಸ್ ಹೊಸ ಬೂಟಿನಲ್ಲಿ ಕ್ಲಾರಿಯ ಎದುರು ನಿಂತಳು. ಬಗ್ಗಿ ಲಾಡಿಯನ್ನು ಎರಡು ಸಲ ಬಿಚ್ಚಿ ಕಟ್ಟಿದಳು.

"ವಿನ್ಸ್ ಜೊತೆ," ಎಂದಳು ಕೊನೆಗೆ.

ಕ್ಲಾರಿ ಹಂಗಿಸಲಿಲ್ಲ. ಪುಸ್ತಕದಲ್ಲಿ ವಿನ್ಸ್‌ನ ಹೆಸರಿನ ಕೆಳಗೆ ಅವಳ ಹೆಸರು ಪೆನ್ಸಿಲ್ಲಿನಲ್ಲಿ ಆಗಲೇ ಇತ್ತು. ಜೂನ್‌ನ ಮೊದಲ ಭಾನುವಾರದಿಂದಲೂ ಇತ್ತಂತೆ.

ಅವಳು ಒಂದು ನಿಮಿಷ ಓಡಿ ಮುಂದೆ ಹೋಗುವಳು, ನಡೆಯುವಾಗ ಮುದುಕ ಠಕ್ಕುಠಕ್ಕೆಂದು ಬಂದು ಜೊತೆಗೂಡುವನು. ನಾಲ್ಕನೆಯ ಕಿಲೋಮೀಟರ್ ಹೊತ್ತಿಗೆ ಹಿಂದಿನವರು ದಾಟತೊಡಗಿದರು. ಪ್ರತಿಯೊಬ್ಬರೂ ದಾಟುವಾಗ ಒಂದು ಮಾತು ಹೇಳಿದರು. "ಭೇಷ್ ವಿನ್ಸ್!" "ಬಂದ್ಯಾ ಗ್ಲೆನ್, ಒಳ್ಳೇದಾಯ್ತು!" "ಪೇಸ್ಟಿ ಇಟ್ಟಿರ್ತೀವಿ, ಬೇಗ ಬನ್ನಿ!"

"ಇದೇನು, ಹೊಸ ರೂಢಿನಾ?" ಎಂದು ಗ್ಲೆನಿಸ್ ಕೇಳಿದಳು.

ವಿನ್ಸ್ ನಿಂತೇಬಿಟ್ಟ. "ಹೊಸದೇ? ಸಂಘ ಹುಟ್ಟಿದಾಗಿಂದ ಇದೆ ಹುಡುಗಿ. ದಾಟೋರು ಒಂದು ಮಾತು ಹೇಳ್ಬೇಕು. ನೀನೊಬ್ಬಳೇ ಹೇಳ್ತಿರ್ಲಿಲ್ಲ. ಹಲ್ಲು ಕಚ್ಕೊಂಡು ಸುಯ್ ಅಂತ ಹೋಗ್ಬಿಡ್ತಿದ್ದೆ."

ಗ್ಲೆನಿಸ್‌ಗೆ ಮುಖ ಸುಟ್ಟಂತಾಯಿತು. "ಯಾರೂ ನಂಗೆ ಹೇಳ್ಲಿಲ್ಲ."

"ಹೇಳೋಕೆ ಮರ್ಲ್ ಬಿಟ್ರೆ ತಾನೇ?" ಅವನು ಕೋಲೆತ್ತಿ ಮುಂದೆ ತೋರಿಸಿದ. ಹಳೆಯ ತಾಮ್ರದ ಗಣಿಯ ಚಿಮಣಿ. ಅದರ ಬುಡದಲ್ಲಿ ಮರ್ಲ್ ಪ್ರತಿ ಭಾನುವಾರ ಕಾರು ನಿಲ್ಲಿಸಿಕೊಂಡು ಪದಬಂಧ ತುಂಬುತ್ತಾ ಕೂತಿರುತ್ತಿದ್ದಳು. "ನೀನು ದಾಟಿ ಹೋದ್ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಬ್ಬೊಬ್ರಿಗೂ ಹೆಸರು ಹಿಡಿದು ಕೂಗ್ತಿದ್ಲು. 'ಚೆನ್ನಾಗಿ ಬರ್ತಿದ್ದೀಯ ವಿನ್ಸ್! ನಮ್ಮ ಗ್ಲೆನ್‌ಗೆ ಉಸಿರು ಸಾಲಲ್ಲ, ಅವಳ ಬದಲು ನಾನು ಹೇಳ್ತಿದೀನಿ!' ಅಂತ. ಇಪ್ಪತ್ತು ವರ್ಷ. ನಿಂಗೆ ಗೊತ್ತಿಲ್ವಾ?"

ಅವಳಿಗೆ ಗೊತ್ತಿರಲಿಲ್ಲ. ಅಕ್ಕ ಪದಬಂಧಕ್ಕೆಂದೇ ಬರುತ್ತಾಳೆ ಎಂದುಕೊಂಡಿದ್ದಳು.

ಚಿಮಣಿಯ ಬುಡ ಖಾಲಿಯಿತ್ತು, ಒಣಹುಲ್ಲು ಗಾಳಿಗೆ ಮಲಗಿ ಏಳುತ್ತಿತ್ತು. ಗ್ಲೆನಿಸ್ ಅಲ್ಲಿ ಬಂದು ನಿಂತಳು. ಓಡುವ ನಿಮಿಷ ಬಂತು, ಹೋಯಿತು, ಅವಳು ಕದಲಲಿಲ್ಲ. ಹಿಂದಿನಿಂದ ದಪದಪ ಸದ್ದು ಕೇಳಿಸಿತು. ಈಗ ಕೊನೆಯ ಸರದಿಯಲ್ಲಿ ಹೊರಡುವ ಟೀಗನ್, ಇಪ್ಪತ್ತೆರಡರ ಹುಡುಗಿ, ಹಲ್ಲು ಕಚ್ಚಿಕೊಂಡು ಬಂದಳು. ಇಬ್ಬರ ಪಕ್ಕದಲ್ಲೇ ಹಾದಳು, ಒಂದು ಮಾತಿಲ್ಲ.

"ಚೆನ್ನಾಗಿ ಓಡ್ತಿದ್ದೀಯ ಟೀಗನ್!" ಗ್ಲೆನಿಸ್ ಗಂಟಲು ಬಿರಿಯುವಂತೆ ಕೂಗಿದಳು. ಆಮೇಲೆ ವಿನ್ಸ್ ಕಡೆ ತಿರುಗಿದಳು. "ಅವಳಿಗೆ ಉಸಿರು ಸಾಲಲ್ಲ ವಿನ್ಸ್. ಅವಳ ಬದಲು ನಾನು ಹೇಳ್ತಿದೀನಿ, ಚೆನ್ನಾಗಿ ಬರ್ತಿದ್ದೀರಿ."

ಮುದುಕ ಮೂಗೊರೆಸಿಕೊಂಡ.

ಟೀಗನ್ ಹಿಂದಿರುಗಿ ನೋಡದೆ ತಿರುವಿನಲ್ಲಿ ಮರೆಯಾದಳು. ಗ್ಲೆನಿಸ್ ಆ ಹುಡುಗಿಯನ್ನು ಬಯ್ಯಲು ಹೋಗಲಿಲ್ಲ. ಈ ಚಿಮಣಿಯ ಹತ್ತಿರ ತಾನೂ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಹಿಂದಿರುಗಿ ನೋಡಿದವಳಲ್ಲ.